ಮಳೆನೆರಳಿನ ಕೆರೆಗಳು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ಈಶಾನ್ಯಕ್ಕೆ ಗೆರೆ ಎಳೆದರೆ ಸುಮಾರು 200 ಕಿ.ಮೀ. ದೂರದ ಚಳ್ಳಕೆರೆಯಲ್ಲಿ 500 ಮಿ.ಮೀ. ಬಿದ್ದರೆ ಅದೇ ಒಳ್ಳೆಯ ವರ್ಷ. ಎರಡೂ ಊರಿಗೆ ಬೀಸುವುದು ಅದೇ ಪಡುವಣ ಗಾಳಿ. ನಡುವೆ ನಿಂತಿರುವುದು ಸಹ್ಯಾದ್ರಿ. ಕಡಲಿನ ತೇವ ಹೊತ್ತ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದಂತೆ ತಣ್ಣಗಾಗಿ, ಹೊತ್ತದ್ದನ್ನು ಹಿಡಿದಿಡಲಾರದೆ ಸುರಿಸಿಬಿಡುತ್ತದೆ. ಆಚೆ ಮಗ್ಗುಲಲ್ಲಿ ಇಳಿಯುವಾಗ ಮತ್ತೆ ಬಿಸಿಯಾಗಿ ಮೋಡಗಳು ಕರಗುತ್ತವೆ. ಆ ಮಗ್ಗುಲೇ ಮಳೆನೆರಳು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಹೀಗೆ ಬರಿಗೈಯಲ್ಲಿ ಬಂದ ಈ ಗಾಳಿಗೇ. ಬಯಲುಸೀಮೆಯ ಕೆರೆಗಳನ್ನು ಅರಸರ ದಾನಬುದ್ಧಿಯ ಕತೆಯಾಗಿ ಓದುವುದು ನಮ್ಮ ರೂಢಿ. ಅವು ಮೊದಲಿಗೆ ಸಹ್ಯಾದ್ರಿಯ ಕತೆ ಎಂಬುದು ನನ್ನ ವಾದ.

ರೈತರ ಮಳೆಲೆಕ್ಕವನ್ನೇ ನೋಡಿ. ಮಲೆನಾಡಿನವರ ಗಮನವೆಲ್ಲ ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳ ಮೇಲೆ. ಪೂರ್ವದ ಬಯಲಿನಲ್ಲಿ ಆ ದಿನಗಳಲ್ಲಿ ಬರೀ ಗಾಳಿ, ಆಗೀಗ ತುಂತುರು. ಅಲ್ಲಿನ ದೊಡ್ಡ ಮಳೆ ಉತ್ತರೆ, ಹಸ್ತ, ಚಿತ್ತೆಯದು. ಮುಂಗಾರಿನ ಗಾಳಿ ಸೋತ ಮೇಲೆ ಗುಡುಗಿನೊಂದಿಗೆ ಬರುವಂಥದ್ದು. ಅದೂ ಹದವಾಗಿ ಬೀಳುವುದಿಲ್ಲ. ನಾಲ್ಕಾರು ಜಡಿಮಳೆಯಲ್ಲಿ ವರ್ಷದ ಪಾಲು ಹರಿದುಹೋಗುತ್ತದೆ. ಹರಿಯುವುದನ್ನು ತಡೆದವನಿಗಷ್ಟೇ ಗದ್ದೆ. ಹಾಗಾಗಿ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ, ಅದರ ಒಳಮೈಗೆ ಕಲ್ಲುಹೊದಿಕೆ, ನೀರು ಬಿಡಲು ತೂಬು, ಹೆಚ್ಚಾದದ್ದು ಹೊರಬೀಳಲು ಕೋಡಿ. ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ನೀರುಗಂಟಿಯ ತಲೆಯಲ್ಲಿ. ಶಾಸನಗಳಲ್ಲಿ ಕಾಣುವ ಬಿಟ್ಟುವಟ್ಟ, ದಶವಂದಗಳು ಈ ಏರಿಗಳನ್ನು ಕಟ್ಟಿ ಕಾಯ್ದವರಿಗೆ ಸಂದ ಭೂಮಿ. ಇನ್ನೊಂದು ಕೆರೆಗೆ ಜಾಗ ಹುಡುಕಲು ಜಾಣತನವೇ ಬೇಕಾದೀತು ಎಂದು 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಬರೆದ. (ಮುಂದೆ ಬೆಂಗಳೂರಿನಲ್ಲಿ ಅವನ ಹೆಸರಿನದೇ ಒಂದು ಕೆರೆಯಾಯಿತು.)

ಮಳೆನೆರಳೇ ಕಾರಣವಾದರೆ ಅದೇ ನೆರಳಿನಲ್ಲಿರುವ ವಿಜಯಪುರ, ಗದಗಗಳ ಕಡೆ ಇಷ್ಟು ಒತ್ತೊತ್ತಾಗಿ ಕೆರೆಗಳೇಕಿಲ್ಲ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ತೂಕವಿದೆ. ಅಲ್ಲಿನದು ಎರೆಭೂಮಿ. ಮಳೆ ಕುಡಿದು ತಿಂಗಳುಗಟ್ಟಲೆ ಹಸಿ ಹಿಡಿದಿಡುತ್ತದೆ. ಹಿಂಗಾರಿ ಬಿಳಿಜೋಳ ಆ ಹಸಿಯ ಮೇಲೆಯೇ, ಚಳಿಗಾಲದ ಇಬ್ಬನಿಯಲ್ಲಿ ತೆನೆಗಟ್ಟುತ್ತದೆ. ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುವ ಆ ಮಣ್ಣು ಏರಿಗೂ ಅಷ್ಟಾಗಿ ಒಗ್ಗದು. ಕೆಂಪುಮಣ್ಣಿನ, ಅಡಿಯಲ್ಲಿ ಗಟ್ಟಿ ಬಂಡೆಯಿರುವ ದಕ್ಷಿಣದ ಏರುತಗ್ಗಿನ ನೆಲಕ್ಕೆ ಆ ಶಕ್ತಿಯಿಲ್ಲ, ಆದರೆ ಏರಿ ಕಟ್ಟಲು ಹೇಳಿ ಮಾಡಿಸಿದ ಜಾಗ. ಬೆಟ್ಟ ಕೊರತೆಯನ್ನು ಗೊತ್ತುಮಾಡಿತು. ಅದನ್ನು ನೀಗುವ ಬಗೆಯನ್ನು ಮಣ್ಣು. ಕಾಡು ಕಡಿದದ್ದರಿಂದಲೇ ಬಯಲು ಒಣಗಿತು ಎನ್ನುವವರೂ ಇದ್ದಾರೆ. ಬಿದ್ದ ನೀರನ್ನು ಕಾಡು ಹಿಡಿಯುತ್ತದೆ, ನಿಜ. ಆದರೆ ಗಾಳಿ ಇಳಿಯುತ್ತಾ ಬಿಸಿಯಾಗುವುದನ್ನು ಯಾವ ಕಾಡೂ ತಪ್ಪಿಸದು.

ಕೆರೆಗಳಿದ್ದೂ 1876–78ರ ಬರದಲ್ಲಿ ಮೈಸೂರು ಸೀಮೆ ನುಚ್ಚುನೂರಾಯಿತಲ್ಲ ಎಂಬುದು ಇನ್ನೂ ಕಠಿಣ ಪ್ರಶ್ನೆ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ನನ್ನ ಉತ್ತರ ಇಷ್ಟೇ: ಕೆರೆ ನೆರಳಿನೊಳಗಿನ ಮಳೆಯನ್ನು ಹಂಚಿಕೊಟ್ಟೀತು, ನೆರಳಿನಾಚೆಯಿಂದ ನೀರು ತರಲಾರದು. ಆ ಬರದ ನೆನಪು ಮಾಸುವ ಮುನ್ನವೇ ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಏಳತೊಡಗಿ 1907ರಲ್ಲಿ ಮುಗಿಯಿತು. ಅದೇ ವಾಣಿವಿಲಾಸ ಸಾಗರ. ನದಿ ಹುಟ್ಟುವುದೇನೋ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಆದರೆ ಮಳೆಯ ಮುಖ್ಯ ಪಾಲು ಕಾಣದ ಮೂಡಣ ಮಗ್ಗುಲಲ್ಲಿ. 130 ಅಡಿಯ ಆ ಜಲಾಶಯ ತುಂಬಿ ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಬಾರಿ, 2022ರಲ್ಲಿ.