ಮೆಳ್ಳಗಣ್ಣಿನ ಚಿಕಿತ್ಸೆ: ಯಾರದ್ದು ಎಷ್ಟು?

ಇಂದಿನ ಎಲ್ಲ ಶಸ್ತ್ರಚಿಕಿತ್ಸೆಗಳೂ ಮೊದಲು ಮುಸ್ಲಿಮ್ ವೈದ್ಯರದ್ದೇ ಎಂದು ನಮ್ಮ ವೇದಿಕೆಗಳಲ್ಲಿ ಹೇಳುವುದುಂಟು. ಚಪ್ಪಾಳೆಯೂ ಬೀಳುತ್ತದೆ. ಮೆಳ್ಳಗಣ್ಣಿನ ಮಟ್ಟಿಗೆ ಆ ಮಾತು ಸರಿಯಲ್ಲ. ಹೇಳಿಕೊಳ್ಳಲು ನಿಜವಾದದ್ದೇ ಬೇಕಾದಷ್ಟಿರುವಾಗ ಇಲ್ಲದ್ದನ್ನು ಸೇರಿಸುವ ಗೊಡವೆ ನಮಗೇಕೆ?

ನಿಜವಾದದ್ದು ಇಬ್ನುಲ್ ಹೈಸಮ್‌ರದ್ದು. 11ನೇ ಶತಮಾನದಲ್ಲಿ ಕೈರೋದಲ್ಲಿದ್ದ ಅವರು ‘ಕಿತಾಬುಲ್ ಮನಾಝಿರ್’ನ ಮೂರನೇ ಭಾಗದಲ್ಲಿ ಒಂದು ಪ್ರಯೋಗವನ್ನು ವಿವರಿಸಿದ್ದಾರೆ. ಹಲಗೆಯ ಮೇಲೆ ಮೇಣದ ಸಣ್ಣ ಕಡ್ಡಿಗಳನ್ನು ನಿಲ್ಲಿಸಿ, ಹಲಗೆಯನ್ನು ಮುಖದ ಹತ್ತಿರ ಹಿಡಿದು ನೋಡುವುದು. ಎರಡೂ ಕಣ್ಣುಗಳು ಒಂದೇ ಕಡ್ಡಿಯ ಮೇಲೆ ನೆಟ್ಟರೆ ಅದು ಒಂದಾಗಿ ಕಾಣುತ್ತದೆ, ಅದರ ಹಿಂದೆ ಮುಂದೆ ಇರುವವು ಎರಡೆರಡಾಗುತ್ತವೆ. ಕಣ್ಣುಗಳ ದಿಕ್ಕು ತಪ್ಪಿದರೆ ನೋಟ ಏಕೆ ಒಡೆಯುತ್ತದೆ ಎಂಬುದಕ್ಕೆ ಬುಡ ಇಲ್ಲಿದೆ. ಆದರೆ ಅವರು ಕತ್ತರಿ ಹಿಡಿದವರಲ್ಲ. ಅದೇ ಕಾಲದ ಅಮ್ಮಾರ್ ಅಲ್ ಮೌಸಿಲಿ ಟೊಳ್ಳು ಸೂಜಿಯಿಂದ ಕಣ್ಣಿನ ಪೊರೆಯನ್ನು ಹೀರಿ ತೆಗೆದವರು. ಅದು ಬೇರೆಯೇ ರೋಗ. ಮೆಳ್ಳಗಣ್ಣಿನ ಮಕ್ಕಳಿಗೆ 7ನೇ ಶತಮಾನದ ಗ್ರೀಕ್ ವೈದ್ಯ ಪೌಲ್ ಹೇಳಿದ್ದು ನೇರ ನೋಡುವಂತೆ ಮಾಡುವ ತೂತಿನ ಮುಖವಾಡ, ಅಷ್ಟೇ.

18ನೇ ಶತಮಾನದಲ್ಲಿ ಊರೂರು ಸುತ್ತುತ್ತಿದ್ದ ಇಂಗ್ಲಿಷ್ ಕಣ್ಣು ವೈದ್ಯ ಜಾನ್ ಟೇಲರ್ ಮೆಳ್ಳಗಣ್ಣಿನ ಮೇಲ್ಪದರ ತುಸು ಕತ್ತರಿಸಿ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದ. ಆಗ ಓರೆಗಣ್ಣು ತಾನಾಗಿಯೇ ನೆಟ್ಟಗಾಗುತ್ತದಲ್ಲ! ಜನ ಬೆರಗಾಗುತ್ತಿದ್ದರು. ಪಟ್ಟಿ ಬಿಚ್ಚುವ ಹೊತ್ತಿಗೆ ಆತ ಮುಂದಿನ ಊರಲ್ಲಿರುತ್ತಿದ್ದ.

ನಿಜವಾದ ಶಸ್ತ್ರಚಿಕಿತ್ಸೆಗೆ ಜರ್ಮನಿಯ ಸ್ಟ್ರೋಮಯರ್ 1838ರಲ್ಲಿ ಹೆಣಗಳ ಮೇಲೆ ದಾರಿ ತೋರಿಸಿದರು. 1839ರ ಅಕ್ಟೋಬರ್ 26ರಂದು ಬರ್ಲಿನ್‌ನ ಡೀಫೆನ್‌ಬಾಖ್ ಏಳು ವರ್ಷದ ಹುಡುಗನೊಬ್ಬನ ಮೂಗಿನ ಕಡೆಗೆ ತಿರುಗಿದ್ದ ಕಣ್ಣಿನ ಒಳಬದಿಯ ಸ್ನಾಯುವನ್ನು ಕತ್ತರಿಸಿದರು. ಮತ್ತು ಬರಿಸುವ ಈಥರ್ ಬಂದದ್ದು 1846ರಲ್ಲಿ. ಆ ಮಗುವಿನ ಗತಿ ಯೋಚಿಸಿ. ಕಣ್ಣೇನೋ ನೆಟ್ಟಗಾಯಿತು. ಯುರೋಪಿನಲ್ಲೆಲ್ಲ ಅದೇ ಹುಚ್ಚು ಹಿಡಿಯಿತು. ಆದರೆ ಪೂರ್ತಿ ಕತ್ತರಿಸಿದ ಸ್ನಾಯು ಹಿಂದಕ್ಕೆ ಸರಿದು, ಎಷ್ಟೋ ಜನರ ಕಣ್ಣು ಹೊರಗಡೆಗೆ ವಾಲಿತು. ಮುಂದೆ ಗ್ರೇಫೆ ಈ ಕತ್ತರಿಕೆಗೆ ಮಿತಿ ಹಾಕಿದರು. 1922ರಲ್ಲಿ ಅಮೆರಿಕದ ಜೇಮ್ಸನ್ ಸ್ನಾಯುವನ್ನು ಬಿಡಿಸಿ, ಅಳೆದು, ಹಿಂದಕ್ಕೆ ಕಣ್ಣಿನ ಬಿಳಿಭಾಗಕ್ಕೇ ಹೊಲಿಯುವ ಕ್ರಮ ತೋರಿಸಿದರು. ಇಂದಿಗೂ ಹಾಗೆಯೇ ಮಿಲಿಮೀಟರ್ ಲೆಕ್ಕದಲ್ಲಿ ಒಂದು ಸ್ನಾಯುವನ್ನು ಸಡಿಲಿಸುತ್ತಾರೆ, ಬೇಕಾದರೆ ಎದುರಿನದನ್ನು ಗಿಡ್ಡ ಮಾಡಿ ಬಿಗಿಯುತ್ತಾರೆ.

ಮೆಳ್ಳಗಣ್ಣು ಅದೃಷ್ಟವೆಂದು ಮಗುವನ್ನು ಹಾಗೆಯೇ ಬಿಡುವ ತಾಯ್ತಂದೆಯರು ನಮ್ಮಲ್ಲೂ ಇದ್ದಾರೆ. ಓರೆಗಣ್ಣಿನ ನೋಟವನ್ನು ಮಗುವಿನ ಮಿದುಳು ಕೈಬಿಡುತ್ತಾ ಹೋಗುತ್ತದೆ. ಅದಕ್ಕೆ ವೈದ್ಯರು ಈಗಲೂ ಒಳ್ಳೆಯ ಕಣ್ಣಿಗೇ ಪಟ್ಟಿ ಕಟ್ಟುತ್ತಾರೆ, ಟೇಲರ್‌ನಂತೆ ಮೋಸಕ್ಕಲ್ಲ, ಸೋತ ಕಣ್ಣಿಗೆ ಕೆಲಸ ಕೊಡಲು. ದೊಡ್ಡವರಾದ ಮೇಲೂ ಕಣ್ಣನ್ನು ನೆಟ್ಟಗೆ ಮಾಡಬಹುದು, ಕಳೆದ ನೋಟ ಮರಳುವುದು ಕಷ್ಟ.