ಮಾತು ಬಿಟ್ಟ ಪದ: ಅರಿಯಾನ್ನಾಳ ವಿಲಾಪ, ಸುಷಿರ ಅಳವಡಿಕೆ ಮತ್ತು ದೊಡ್ಡಾಟದ ಮುಖವೀಣೆ

ಹಾಡುವುದಕ್ಕೆಂದೇ ಹುಟ್ಟಿದ ರಂಗಸಂಗೀತವನ್ನು ಊದುವ ವಾದ್ಯಗಳಿಗೆ ಒಗ್ಗಿಸಿದರೆ ಮೊದಲು ಬಿಟ್ಟುಹೋಗುವುದು ಮಾತು. ಇಟಲಿಯ ಆದಿಕಾಲದ ಆಪೆರಾದ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಹಲವು ದನಿಗಳು ಹೆಣೆದುಕೊಂಡಾಗ ಮಾತು ಕೇಳಿಸುವುದಿಲ್ಲ, ಭಾವ ಮುಟ್ಟುವುದಿಲ್ಲ ಎಂದು ಫ್ಲಾರೆನ್ಸಿನ ವಿಂಚೆಂಜೊ ಗಲಿಲೇಯಿ 1581ರ ತನ್ನ ಸಂವಾದಗ್ರಂಥದಲ್ಲಿ ವಾದಿಸಿದ್ದ. ಆ ಕಲಾಪ್ರಕಾರ ಬೆಳೆದದ್ದೇ ಇಂಥ ವಾದದ ನೆಲದಲ್ಲಿ. ಮುಂದಿನ ತಲೆಮಾರಿನ ವಿದ್ವಾಂಸ ಜೊವಾನ್ನಿ ಬತ್ತಿಸ್ತಾ ಡೋನಿಯದೂ ಅದೇ ನಿಲುವು. ಆಪೆರಾ ರಚನಕಾರ ಮಾಂತೆವೆರ್ದಿ ‘ಅರಿಯಾನ್ನಾ’ದ ಒಂಟಿದನಿಯ ವಿಲಾಪವನ್ನು ಐದು ದನಿಗೆ ಹರಡಿದ್ದು ಡೋನಿಗೆ ಹಿಡಿಸಲಿಲ್ಲ. ಈ ಲೇಖನ ಡೋನಿಯೊಡನೆ ಒಂದು ಜಗಳ. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬಯಲಾಟವಾದ ದೊಡ್ಡಾಟದಿಂದ ತಂದಿದ್ದೇನೆ.

ವಿವಾದವಿಲ್ಲದ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. 16ನೆಯ ಶತಮಾನದ ಇಟಲಿಯಲ್ಲಿ ಹಾಡಿನ ಸಂಗೀತವನ್ನು ವಾದ್ಯದಲ್ಲಿ ನುಡಿಸುವುದು ದಿನನಿತ್ಯದ ರೂಢಿ. ಸುಷಿರವಾದಕ ಮನುಷ್ಯಕಂಠವನ್ನು ಅನುಕರಿಸಬೇಕೆಂದು ಸಿಲ್ವೆಸ್ತ್ರೊ ಗನಸ್ಸಿ 1535ರಲ್ಲೇ ವೆನಿಸ್ಸಿನಲ್ಲಿ ಅಚ್ಚಾದ ಪಾಠಪುಸ್ತಕದಲ್ಲಿ ಹೇಳಿದ್ದಾನೆ. ಅಲ್ಲಿನ ಸಂತ ಮಾರ್ಕನ ಗುಡಿಯ ವಾದ್ಯಗಾರ ಜಿರೊಲಾಮೊ ದಲ್ಲಾ ಕಾಸಾ 1584ರಲ್ಲಿ ಪ್ರಸಿದ್ಧ ಹಾಡುಗಳಿಗೆ ಬಿರುಸಿನ ಬಿರ್ಕಾಗಳನ್ನು ಬರೆದುಕೊಟ್ಟ. ಅದೇ ಗುಡಿಯ ಜೊವಾನ್ನಿ ಗಬ್ರಿಯೇಲಿ 1597ರಲ್ಲಿ ಕಾರ್ನೆಟ್ಟೊ, ಟ್ರೊಂಬೋನುಗಳಿಗೆಂದೇ ರಚನೆಗಳನ್ನು ಅಚ್ಚು ಹಾಕಿಸಿದ. 1607ರಲ್ಲಿ ಮಾಂತುವಾದಲ್ಲಿ ಆಡಿದ ಮಾಂತೆವೆರ್ದಿಯ ‘ಓರ್ಫೆಯೊ’ ತೆರೆ ಏಳುವ ಮುನ್ನ ಮೂರು ಸಲ ತುತ್ತೂರಿಯ ಮೊಳಗಿನಿಂದ ಶುರುವಾಗುತ್ತದೆ. ಪಾತಾಳದ ದೃಶ್ಯಗಳಿಗೆ ಟ್ರೊಂಬೋನಿನ ಬಣ್ಣ. ಇವನ್ನೆಲ್ಲ ಇಂದಿನ ಹಿತ್ತಾಳೆ ವಾದ್ಯಮೇಳಗಳು ಸಲೀಸಾಗಿ ನುಡಿಸುತ್ತವೆ. ಮೂರು ವರ್ಷದ ಮೇಲೆ, 1610ರಲ್ಲಿ, ಅದೇ ಮೊಳಗಿನ ಮೇಲೆ ಮಾಂತೆವೆರ್ದಿ ಆರು ದನಿಯ ಪ್ರಾರ್ಥನೆಯನ್ನು ಕೂರಿಸಿದ. ಅಂದರೆ ಊದುವುದಕ್ಕೂ ಹಾಡುವುದಕ್ಕೂ ನಡುವಿನ ಗೋಡೆ ಆತನಿಗೆ ಗಟ್ಟಿಯಾದದ್ದಾಗಿರಲಿಲ್ಲ.

ತೊಡಕಿರುವುದು ಮಾತಿನಂತೆ ಸಾಗುವ ಗಾನದಲ್ಲಿ. ಅಲ್ಲಿ ರಾಗದ ಸಾಲು ನುಡಿಯ ಏರಿಳಿತವನ್ನೇ ನೆಚ್ಚಿರುತ್ತದೆ; ಕೆಳಗೆ ಮಂದ್ರದ ಒಂದು ಸಾಲು, ಅದರ ಮೇಲಿನ ಸ್ವರಗುಚ್ಛವನ್ನು ತಂತಿವಾದ್ಯದವನೋ ಕೀಬೋರ್ಡಿನವನೋ ಆ ಹೊತ್ತಿಗೆ ತುಂಬಿಕೊಳ್ಳುತ್ತಾನೆ. ಇದನ್ನು ಕ್ಲಾರಿಯೋನೆಟ್ಟಿಗೆ ಹಾಗೇ ಇಳಿಸಿದರೆ ಅರ್ಧ ಹೇಳಿ ನಿಲ್ಲಿಸಿದ ಮಾತಿನಂತಾಗುತ್ತದೆ. ಹಾಗಾಗಿ ಅಳವಡಿಸುವವರು ಸಾಮಾನ್ಯವಾಗಿ ಈ ಭಾಗಗಳನ್ನು ಕೈಬಿಟ್ಟು ಮೇಳಗಾನ, ನಡುವೆ ಬರುವ ವಾದ್ಯಭಾಗಗಳನ್ನಷ್ಟೇ ಆರಿಸಿಕೊಳ್ಳುತ್ತಾರೆ. ವಿವೇಕದ ಆಯ್ಕೆಯೇ. ಆದರೆ ಅದರ ಹಿಂದಿರುವ ತರ್ಕ, ಮಾತಿಲ್ಲದೆ ಮಾತಿನ ಗಾನಕ್ಕೆ ಜೀವವಿಲ್ಲ ಎನ್ನುವುದು, ಪೂರ್ತಿ ಸರಿಯಲ್ಲ.

‘ಅರಿಯಾನ್ನಾ’ದ ಚರಿತ್ರೆಯನ್ನು ನೋಡಬೇಕು. 1608ರಲ್ಲಿ ಮಾಂತುವಾದ ಮದುವೆಯ ಸಂಭ್ರಮಕ್ಕಾಗಿ ಆಡಿದ ಈ ಆಪೆರಾದ ಸಂಗೀತದಲ್ಲಿ ಉಳಿದದ್ದು ನಾಯಕಿಯ ವಿಲಾಪ ಮಾತ್ರ. ಅದನ್ನು ಮಾಂತೆವೆರ್ದಿ ಐದು ದನಿಯ ಮಾದ್ರಿಗಾಲಾಗಿ, ಅಂದರೆ ದನಿಗಳು ಹೆಣೆದುಕೊಳ್ಳುವ ಹಾಡಾಗಿ, ಮಾಡಿ 1614ರ ತನ್ನ ಮಾದ್ರಿಗಾಲುಗಳ ಆರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ಒಂಟಿದನಿಯ ರೂಪ ಅಚ್ಚಾದದ್ದು ಆಮೇಲೆ, 1623ರಲ್ಲಿ. ಐದು ದನಿಯ ರೂಪದಲ್ಲಿ ಕೀಬೋರ್ಡಿನವನು ತುಂಬುತ್ತಿದ್ದ ಸ್ವರಗಳು ಹಾಡುವವರಿಗೇ ಹಂಚಿಹೋಗಿವೆ. ಒಬ್ಬಳ ಗೋಳಿನ ಸಾಲು ಒಂದು ಕಂಠದಿಂದ ಇನ್ನೊಂದಕ್ಕೆ ದಾಟುತ್ತದೆ, ಕೆಲವೆಡೆ ಐವರೂ ಒಟ್ಟಿಗೆ ನುಡಿಯುತ್ತಾರೆ. ಐದು ಊದುವ ವಾದ್ಯಗಳಿಗೆ ಬೇಕಾದದ್ದು ಇದೇ. ಅಳವಡಿಕೆಯ ಕಷ್ಟದ ಕೆಲಸವನ್ನು ರಚನಕಾರನೇ ಮಾಡಿಕೊಟ್ಟಿದ್ದಾನೆ.

ಡೋನಿಯ ಆಕ್ಷೇಪ ಇಲ್ಲೇ ಬರುತ್ತದೆ: ಒಬ್ಬಳ ಸಂಕಟವನ್ನು ಐವರ ಬಾಯಲ್ಲಿಟ್ಟರೆ ಮಾತು ಮಸುಕಾಗುವುದಿಲ್ಲವೇ? ಮೊದಲ ಬಾರಿ ಕೇಳುವವನಿಗೆ ಆಗುತ್ತದೆ. ಆದರೆ ಕೇಳುಗರು ಅದನ್ನು ಮೊದಲ ಬಾರಿ ಕೇಳುತ್ತಿರಲಿಲ್ಲ. ವಾದ್ಯವಿದ್ದ ಮನೆಯಲ್ಲೆಲ್ಲ ಈ ವಿಲಾಪವೂ ಇತ್ತೆಂದು ಅದೇ ಶತಮಾನದ ಸೆವೆರೊ ಬೊನೀನಿ ಬರೆದಿದ್ದಾನೆ. ಹೆಣಿಗೆಯಲ್ಲಿ ಮಸುಕಾದದ್ದನ್ನು ಕೇಳುಗ ತನ್ನ ನೆನಪಿನಿಂದ ತುಂಬಿಕೊಳ್ಳುತ್ತಿದ್ದ. ನನ್ನ ವಾದದ ತಿರುಳು ಇದು: ಪದ ಬಲ್ಲ ಕೇಳುಗ ಎದುರಿಗಿದ್ದರೆ ಸುಷಿರವಾದ್ಯ ಮಾತನ್ನೂ ಸಾಗಿಸಬಲ್ಲದು.

ಇಲ್ಲಿ ದೊಡ್ಡಾಟ ನೆರವಿಗೆ ಬರುತ್ತದೆ. ಭಾಗವತ ಪದ ಎತ್ತುತ್ತಾನೆ, ಮೇಳದವರು ಹಿಡಿಯುತ್ತಾರೆ, ವೇಷಧಾರಿ ಕುಣಿಯುತ್ತಾನೆ. ಪದ ಮುಗಿದ ಮೇಲೆ ಸಾರಥಿಯೊಡನೆ ದೀರ್ಘ ಮಾತು. ಹಾಡಿಗೆ ಜೊತೆಯಾಗುವ ಮುಖವೀಣೆ ಜೋಡಿ ರೀಡಿನ ಪುಟ್ಟ ವಾದ್ಯ, ದನಿ ಮಾತ್ರ ಬಯಲು ದಾಟುವಷ್ಟು ಚೂಪು. ಈ ಸೀಮೆಯಲ್ಲಿ ನಾನು ಕೇಳಿದ ಆಟಗಳಲ್ಲಿ ಅದು ಮಾಡುವ ಕೆಲಸ ಎರಡು. ಹಾಡುವಾಗ ಮೇಳದ ಬೆನ್ನಿಗೆ ಅಂಟಿಕೊಂಡೇ ಸಾಗುತ್ತದೆ. ಸಾಲು ಮುಗಿದು ಮೇಳದವರು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಅದೇ ಸಾಲಿನ ಬಾಲವನ್ನು ಒಂಟಿಯಾಗಿ ಮತ್ತೊಮ್ಮೆ ನುಡಿಸುತ್ತದೆ. ಆ ಹೊತ್ತಿಗೆ ಮುಂದೆ ಕೂತ ಹಿರಿಯರ ತುಟಿ ಅಲ್ಲಾಡುತ್ತಿರುತ್ತದೆ. ವಾದ್ಯ ಬಿಟ್ಟ ಅಕ್ಷರಗಳನ್ನು ಅವರು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಕೊಟ್ಟೂರಿನ ತೇರಿನ ದಿನ ಬ್ಯಾಂಡಿನವರು ಜನರಿಗೆ ಬಾಯಿಪಾಠವಾದ ಪದವೊಂದನ್ನು ಊದಿದರೂ ಇದೇ ನಡೆಯುತ್ತದೆ.

ನುಡಿಸುವವನ ಬಾಯೊಳಗೂ ಮಾತು ಪೂರ್ತಿ ಅಳಿಯುವುದಿಲ್ಲ. ಗನಸ್ಸಿ, ದಲ್ಲಾ ಕಾಸಾ ಇಬ್ಬರೂ ನಾಲಗೆಯ ಹೊಡೆತಕ್ಕೆ ‘ತೆ ರೆ’, ‘ಲೆ ರೆ’, ‘ತೆ ಕೆ’ ಎಂಬ ಉಚ್ಚಾರಗಳನ್ನು ಕೊಟ್ಟಿದ್ದಾರೆ; ಬಿರುಸಿಗೊಂದು, ಮೃದುವಿಗೊಂದು. ನಾಗಸ್ವರದವರು ಸಾಹಿತ್ಯ ಕಲಿತು ಅದರ ಅಕ್ಷರ ಬೀಳುವಲ್ಲಿ ತುತ್ತುಕಾರ ಹಾಕುವುದು ನಮಗೆ ಗೊತ್ತಿರುವ ಸಂಗತಿ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮಾರುಹೋದರು. ಅದರಲ್ಲಿ ಕೃತಿಗಳನ್ನು ಗಾಯನದ ಬಾಗಿನಲ್ಲೇ ನುಡಿಸಿ ಆ ವಾದ್ಯಕ್ಕೆ ಕರ್ನಾಟಕ ಸಂಗೀತದ ವೇದಿಕೆಯನ್ನು ಗೆದ್ದುಕೊಟ್ಟರು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗಳಿಗೆ ಪಿಟೀಲು, ಸ್ಯಾಕ್ಸೋಫೋನುಗಳನ್ನು ತಂದಾಗ ಟೀಕೆ ಎದುರಿಸಿದರು. ವಾದ್ಯ ಹೊರಗಿನದು ಎಂಬುದಕ್ಕಿಂತ ಅದು ಪದದ ಯಾವ ಜಾಗದಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯ ಪ್ರಶ್ನೆ ಎಂದು ನನಗೆ ತೋರುತ್ತದೆ.

ಈ ವಾದವನ್ನು ಎಲ್ಲೆ ಮೀರಿ ಎಳೆಯಬಾರದು. ಮೊದಲಿಗೆ, ಇದು ಬಾಯಿಪಾಠವಾದ ಪದಗಳಿಗಷ್ಟೇ ಸಲ್ಲುತ್ತದೆ. ಹರಪನಹಳ್ಳಿಯ ಕೇಳುಗನಿಗೆ ಅರಿಯಾನ್ನಾಳ ಕತೆಯೂ ನುಡಿಯೂ ಹೊಸವು. ಅಲ್ಲಿ ಆ ವಿಲಾಪವನ್ನು ಊದಿದರೆ ಡೋನಿಯೇ ಗೆಲ್ಲುತ್ತಾನೆ. ಅಂಥ ಸಭೆಗೆ ‘ಓರ್ಫೆಯೊ’ದ ಮೊಳಗು ಸರಿಯಾದ ಆಯ್ಕೆ. ಎರಡನೆಯದಾಗಿ, ಮಾದ್ರಿಗಾಲಿನಲ್ಲಿ ಮಾತು ಹರಡಿಹೋಗಿದ್ದರೂ ಇತ್ತು, ವಾದ್ಯದಲ್ಲಿ ಅದು ಇಲ್ಲವೇ ಇಲ್ಲ. ಒಂದರಿಂದ ಇನ್ನೊಂದಕ್ಕೆ ನಾನು ಹಾಕಿದ ಹೆಜ್ಜೆ ಊಹೆಯದು, ಬೊನೀನಿಯ ಮಾತು ಅದಕ್ಕೆ ಒತ್ತಾಸೆ ಕೊಡುತ್ತದೆಯೇ ಹೊರತು ಸಿದ್ಧಮಾಡುವುದಿಲ್ಲ. ದೊಡ್ಡಾಟದಲ್ಲಿಯೂ ಮುಖವೀಣೆ ಮಾತಿನ ಭಾಗಕ್ಕೆ ಕೈಹಾಕುವುದಿಲ್ಲ, ಪದಕ್ಕಷ್ಟೇ ಅದರ ಹಕ್ಕು. ಹಾಗಾಗಿ ಮಾತಿನಂಥ ಗಾನಕ್ಕೆ ಅದನ್ನು ನೇರ ಸಾಕ್ಷಿಯಾಗಿ ಕರೆಯಲು ಬರುವುದಿಲ್ಲ. ಕೇಳುಗನ ನೆನಪು ದುಡಿಯುವ ಬಗೆಗೆ ಮಾತ್ರ ಅದು ಸಾಕ್ಷಿ.

ಇತ್ಯರ್ಥವಾಗದೆ ಉಳಿಯುವ ಪ್ರಶ್ನೆಗಳು ಎರಡು. ಇಟಲಿಯ ಐದು ದನಿಗಳು ಐದು ಬೇರೆ ದಾರಿಯಲ್ಲಿ ಸಾಗುತ್ತವೆ, ದೊಡ್ಡಾಟದ ಮೇಳವೆಲ್ಲ ಒಂದೇ ಸಾಲನ್ನು ಹಿಡಿದು ನಡೆಯುತ್ತದೆ. ಮಾಂತೆವೆರ್ದಿ ಮಾಡಿದಂಥ ಹಂಚಿಕೆಯನ್ನು ದೊಡ್ಡಾಟದ ಪದಕ್ಕೆ ಮಾಡಿದರೆ ಆ ಪದ ಉಳಿಯುವುದೇ ಎಂಬುದು ನುಡಿಸಿ ನೋಡಿಯೇ ತೀರ್ಮಾನವಾಗಬೇಕು. ಇನ್ನೊಂದು, ಮುಖವೀಣೆಯವರ ನಾಲಗೆಯ ಹೊಡೆತ ಪದದ ಅಕ್ಷರಕ್ಕೆ ಎಷ್ಟರಮಟ್ಟಿಗೆ ಅಂಟಿಕೊಂಡಿದೆ ಎಂಬುದು. ಹಲವು ಮೇಳಗಳಲ್ಲಿ ಈಗ ಆ ಜಾಗಕ್ಕೆ ಹಾರ್ಮೋನಿಯಂ ಬಂದು ಕೂತಿದೆ. ಬಲ್ಲವರು ಇರುವಾಗಲೇ ಒಂದೇ ಪದವನ್ನು ಮೊದಲು ಹಾಡಿಸಿ, ಆಮೇಲೆ ಊದಿಸಿ, ಎರಡನ್ನೂ ಧ್ವನಿಮುದ್ರಿಸಿ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ.