ಎಲ್ಲೆ ಬಲ್ಲವರು

ದಲ್ಲಾಳಿ ಎಂಬ ಪದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಕೊಟ್ಟವನಿಗೂ ಕೊಂಡವನಿಗೂ ನಡುವೆ ನಿಂತು ಎರಡೂ ಕಡೆ ಹಣ ಎಣಿಸಿಕೊಳ್ಳುವವನು ಎಂಬ ಅರ್ಥದಲ್ಲೇ ನಾವು ಅದನ್ನು ಬಳಸುತ್ತೇವೆ. ಆದರೆ ಇದರ ಮೂಲ ಅರಬ್ಬಿ ಭಾಷೆಯಲ್ಲಿದೆ. ಅಲ್ಲಿನ ಧಾತುವಿಗೆ ತೋರಿಸು, ದಾರಿ ಹೇಳು ಎಂಬ ಅರ್ಥವಿದೆ. ಅಂದರೆ ದಲ್ಲಾಳಿ ಎಂದರೆ ಮೊದಲಿಗೆ ದಾರಿ ತೋರಿಸುವವನು. ಆ ಅರ್ಥ ಎಲ್ಲಿ ಕಳೆದುಹೋಯಿತು?

ಇಂದು ಪದವಿ ಮುಗಿಸಿದ ಅನೇಕ ತರುಣ ತರುಣಿಯರಿಗೆ ಸಿಗುವ ಮೊದಲ ಕೆಲಸ ರಿಯಲ್ ಎಸ್ಟೇಟ್ ಮಾರಾಟದ್ದು. ಮಾತುಗಾರಿಕೆ ಇರಬೇಕು, ಓಡಾಡಲು ಬೈಕು ಇರಬೇಕು, ತಿಂಗಳ ಗುರಿ ಮುಟ್ಟುವ ಹಟ ಇರಬೇಕು ಎಂದು ಅವರಿಗೆ ಹೇಳಲಾಗುತ್ತದೆ. ಇವೆಲ್ಲ ಬೇಕು, ನಿಜ. ಆದರೆ ನೆಲ ಮಾರುವುದಕ್ಕೆ ನಮ್ಮ ನಾಡಿನಲ್ಲಿ ಸಾವಿರ ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆ ಕೇಳುವ ಗುಣಗಳ ಪಟ್ಟಿ ಬೇರೆಯೇ ಇದೆ.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಎಂಬ ಪಂಡಿತನಿದ್ದ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಶತಮಾನಗಳ ಕಾಲ ಇದೇ ಆಧಾರವಾಗಿತ್ತು. ಭೂಮಿ ಕೈ ಬದಲಾಯಿಸಲು ಆರು ಬೇಕು ಎಂಬ ಹಳೆಯ ಮಾತೊಂದನ್ನು ಅವನು ಅಲ್ಲಿ ಚರ್ಚಿಸುತ್ತಾನೆ: ಊರಿನ ಒಪ್ಪಿಗೆ, ಬಂಧುಗಳ ಒಪ್ಪಿಗೆ, ನೆರೆಹೊರೆಯ ಒಪ್ಪಿಗೆ, ದಾಯಾದಿಗಳ ಒಪ್ಪಿಗೆ, ಜೊತೆಗೆ ಹೊನ್ನು ಮತ್ತು ನೀರು ಎರೆದು ಕೊಡುವುದು. ವಿಜ್ಞಾನೇಶ್ವರನ ವಿವರಣೆ ಇಂದಿನ ವಕೀಲರೂ ಮೆಚ್ಚುವಂಥದ್ದು. ಊರಿನ ಒಪ್ಪಿಗೆ ಯಾಕೆಂದರೆ ವ್ಯವಹಾರ ಎಲ್ಲರಿಗೂ ತಿಳಿಯಲಿ ಎಂದು. ನೆರೆಯವರ ಒಪ್ಪಿಗೆ ಯಾಕೆಂದರೆ ಮುಂದೆ ಎಲ್ಲೆಯ ಜಗಳ ಬಾರದಿರಲಿ ಎಂದು. ಅವರ ಒಪ್ಪಿಗೆಯಿಲ್ಲದಿದ್ದರೆ ಮಾರಾಟವೇ ನಡೆಯದು ಎಂಬುದು ಅವನ ಮಾತಿನ ಅರ್ಥವಲ್ಲ. ಅವನಿಗೆ ಬೇಕಾದದ್ದು ಖಾತ್ರಿ.

ನಮ್ಮ ಶಾಸನಗಳೂ ಹಾಗೆಯೇ ಮಾತಾಡುತ್ತವೆ. ಮೂಡಲು ಹುಣಸೆಮರ, ತೆಂಕಲು ಕೆರೆಯ ಕೋಡಿ, ಪಡುವಲು ನೆಟ್ಟ ಕಲ್ಲು ಎಂಬಂಥ ಗುರುತುಗಳೊಂದಿಗೆ ಎಲ್ಲೆ ಹೇಳುವುದು ಅವುಗಳ ರೂಢಿ. ವಿಜಯನಗರ ಕಾಲದ ಪತ್ರಗಳಲ್ಲಿ ಹೆಂಡತಿ, ಮಕ್ಕಳು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಒಪ್ಪಿದ್ದಾರೆಂಬ ಒಕ್ಕಣೆ ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನೂ ಎಣಿಸಿ ಬರೆಯುತ್ತಿದ್ದರು. ಕ್ರಯಪತ್ರದಲ್ಲಿ ಈ ಪದಗಳನ್ನು ನೀವೂ ಕಂಡಿರಬಹುದು. ನಾಲ್ಕು ದಿಕ್ಕಿನ ‘ಚೆಕ್ಕುಬಂದಿ’ಯಂತೂ ಇಂದಿಗೂ ತಪ್ಪುವುದಿಲ್ಲ. ಅಂದಿನ ಕೊಳ್ಳುವವನಿಗೆ ಮಾತಿನ ಮಲ್ಲ ಬೇಕಿರಲಿಲ್ಲ. ಬರೆಯಲು ಸೇನಬೋವನಿದ್ದ, ಅಳೆಯಲು ಕೋಲಿತ್ತು, ಸಾಕ್ಷಿಗೆ ಊರೇ ಇತ್ತು.

ಬ್ರಿಟಿಷರ ಕಾಲದಲ್ಲಿ ಊರಿನ ನೆನಪು ಕಾಗದಕ್ಕೆ ಇಳಿಯಿತು. 33 ಅಡಿ ಉದ್ದದ, 16 ಆಣೆಗಳಾಗಿ ಭಾಗಿಸಿದ ಸರಪಳಿ ಹಿಡಿದು ಮೋಜಣಿದಾರರು ಹೊಲಗಳನ್ನು ಅಳೆದರು. ಆ ಸರಪಳಿಯ ಒಂದು ಚೌಕವೇ ನಮ್ಮ ಗುಂಟೆ, ಅಂದರೆ 1,089 ಚದರಡಿ. ಅಂಥ 40 ಸೇರಿದರೆ ಒಂದು ಎಕರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮಾರುವವನ ಮೇಲೆ ಒಂದು ಹೊಣೆ ಹೊರಿಸಿತು: ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ದೋಷ ಸ್ವತ್ತಿನಲ್ಲೋ ಹಕ್ಕಿನಲ್ಲೋ ಇದ್ದರೆ, ಅದು ತನಗೆ ಗೊತ್ತಿದ್ದರೆ, ಹೇಳಲೇಬೇಕು. 1908ರ ನೋಂದಣಿ ಕಾಯ್ದೆಯಡಿ ಪತ್ರಗಳು ಕಚೇರಿಯಲ್ಲಿ ದಾಖಲಾಗುತ್ತವೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನೋಂದಣಿಯಾಗುವುದು ಪತ್ರ, ಹಕ್ಕಲ್ಲ. ಮಾರಿದವನು ನಿಜವಾದ ಒಡೆಯನೇ ಎಂದು ಸರ್ಕಾರ ಖಾತ್ರಿ ಕೊಡುವುದಿಲ್ಲ. ಊರು ಕೊಡುತ್ತಿದ್ದ ಖಾತ್ರಿ ಹೋಯಿತು, ಕಾಗದ ಅದನ್ನು ಪೂರ್ತಿ ತುಂಬಲಿಲ್ಲ.

ಈ ಬಿರುಕು ಬೆಂಗಳೂರಿನಲ್ಲಿ ದೊಡ್ಡದಾಯಿತು. 1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಳ್ಳುತ್ತಿದ್ದವು. 1945ರ ಕಾನೂನಿನಿಂದ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಬಂತು, 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ಅಲ್ಲಿ ನಿವೇಶನ ಕೊಡುವುದು ಸರ್ಕಾರಿ ಸಂಸ್ಥೆ. ಅರ್ಜಿ ಹಾಕಿ ಕಾಯಬೇಕು ಅಷ್ಟೇ. ಆದರೆ ಊರು ಬೆಳೆದ ವೇಗಕ್ಕೆ ಆ ನಿವೇಶನಗಳು ಸಾಲಲಿಲ್ಲ. ಸುತ್ತಲ ಹಳ್ಳಿಗಳ ರಾಗಿಹೊಲಗಳು ಸೈಟುಗಳಾದವು. ಮಾರುವ ರೈತ ಕೊಳ್ಳುವವನನ್ನು ಕಂಡಿಲ್ಲ. ಬೇರೆ ಜಿಲ್ಲೆಯಿಂದ ಬಂದ ಕೊಳ್ಳುವವನಿಗೆ ಹೊಲದ ಪೂರ್ವೋತ್ತರ ಗೊತ್ತಿಲ್ಲ. ಸೇನಬೋವ, ಅಳೆಯುವವ, ನೆರೆಯವ, ಸಾಕ್ಷಿ ಇವರೆಲ್ಲರ ಜಾಗದಲ್ಲಿ ಈಗ ನಿಂತದ್ದು ಒಬ್ಬನೇ, ಮಧ್ಯವರ್ತಿ.

ಹಾಗಾದರೆ ಅವನಿಗೆ ಏನು ಬರಬೇಕು? ಮೊದಲು ಲೆಕ್ಕ. 30-40 ಸೈಟು ಎಂದರೆ 1,200 ಚದರಡಿ, ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು. ಎಕರೆಯನ್ನು 1,200ರಿಂದ ಭಾಗಿಸಿದರೆ 36 ಸೈಟು ಬರುತ್ತದೆ. ಯಾರಾದರೂ ಎಕರೆಗೆ 36 ಸೈಟು ತೋರಿಸಿದರೆ ಆ ನಕ್ಷೆಯಲ್ಲಿ ರಸ್ತೆಯೂ ಇಲ್ಲ, ಚರಂಡಿಯೂ ಇಲ್ಲ ಎಂದು ಅರ್ಥ.

ಎರಡನೆಯದು ಆ ನೆಲದ ಚರಿತ್ರೆ. ಕೃಷಿ ಭೂಮಿ 1964ರ ಭೂಕಂದಾಯ ಕಾಯ್ದೆಯಂತೆ ಪರಿವರ್ತನೆಯಾಗಿದೆಯೇ? ಮೂಲದಲ್ಲಿ ಅದು ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನೇ? ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು. ಇಲ್ಲದಿದ್ದರೆ ಮಾರಾಟ ಅಸಿಂಧು. ಇದನ್ನು ತಿಳಿದೂ ಮುಚ್ಚಿಟ್ಟವನು ಎರಡು ಮನೆಗಳಿಗೆ ಅನ್ಯಾಯ ಮಾಡುತ್ತಾನೆ: ಅಗ್ಗಕ್ಕೆ ನೆಲ ಕಳೆದುಕೊಂಡ ಬಡವನ ಮನೆಗೆ, ನಿವೃತ್ತಿಯ ಹಣ ಸುರಿದ ಗುಮಾಸ್ತನ ಮನೆಗೆ.

ಮೂರನೆಯದು ಮನೆತನದ ತಿಳಿವಳಿಕೆ. ಕರ್ನಾಟಕ 1994ರಲ್ಲೇ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, ಆದರೆ ಅದಾಗಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಬೇಲಿಯೂ ಹೋಯಿತು. ಹೀಗಾಗಿ ವಂಶವೃಕ್ಷ ಓದುವಾಗ, ಮದುವೆಯಾಗಿ ಹೋದ ಅಕ್ಕ ಸಹಿ ಹಾಕಿದ್ದಾಳೆಯೇ ಎಂದು ಕೇಳಲು ನಾಚಬಾರದು. ಬಂಧುಗಳ ಒಪ್ಪಿಗೆ ಎಂಬ ಹಳೆಯ ನಿಯಮವೇ ಇಲ್ಲಿ ಹೊಸ ನ್ಯಾಯದೊಂದಿಗೆ ಮರಳಿದೆ.

2016ರ ರೇರಾ ಕಾಯ್ದೆ ಏಜೆಂಟರಿಗೂ ನೋಂದಣಿ ಕಡ್ಡಾಯ ಮಾಡಿತು. ಕಾಯ್ದೆಯಡಿ ನೋಂದಣಿಯಾಗಬೇಕಾದ ಯೋಜನೆ ನೋಂದಣಿಯಾಗದಿದ್ದರೆ ಅದನ್ನು ಅವರು ಮಾರುವಂತಿಲ್ಲ, ಸುಳ್ಳು ಭರವಸೆ ಕೊಡುವಂತಿಲ್ಲ. ಇದು ಒಳ್ಳೆಯದೇ. ಆದರೂ ಒಂದು ತೊಡಕು ಉಳಿಯುತ್ತದೆ. ಕಮಿಷನ್ ಬರುವುದು ಮಾರಾಟವಾದಾಗ ಮಾತ್ರ. ‘ಇದು ಬೇಡ ಸ್ವಾಮಿ, ಕಾಗದ ಸರಿಯಿಲ್ಲ’ ಎಂದು ಹೇಳಿದ ದಿನ ಅವನು ಬರಿಗೈಯಲ್ಲಿ ಮನೆಗೆ ಹೋಗಬೇಕು. ಈ ವೃತ್ತಿಯ ನಿಜವಾದ ಪರೀಕ್ಷೆ ಅಲ್ಲೇ ಇದೆ, ಯಾವ ತರಬೇತಿಯಲ್ಲೂ ಅದನ್ನು ಹೇಳಿಕೊಡುವುದಿಲ್ಲ.

ಹಾಗೆ ಬರಿಗೈಯಲ್ಲಿ ಹೋದವನ ಹೆಸರನ್ನು ಆ ಮನೆಯವರು ಮರೆಯುವುದಿಲ್ಲ. ಹತ್ತು ವರ್ಷದ ನಂತರ ಮಗಳಿಗೆ ಮನೆ ಕೊಳ್ಳುವಾಗ ಅವನನ್ನೇ ಹುಡುಕಿಕೊಂಡು ಹೋಗುತ್ತಾರೆ. ಈ ಕೆಲಸಕ್ಕೆ ಹೊರಟಿರುವ ಗೆಳೆಯರಿಗೆ ಹೇಳುವುದಿಷ್ಟೇ: ಮೊದಲ ವಾರ ಮಾತು ಕಲಿಯುವ ಬದಲು ಒಂದು ಹಳೆಯ ಕ್ರಯಪತ್ರ ಹಿಡಿದು ಆ ಜಾಗಕ್ಕೆ ಹೋಗಿ. ನಾಲ್ಕು ದಿಕ್ಕಿನ ಎಲ್ಲೆಯನ್ನು ನಡೆದು ನೋಡಿ, ಪಕ್ಕದ ಹೊಲದವರನ್ನು ಮಾತಾಡಿಸಿ. ವಿಜ್ಞಾನೇಶ್ವರ ಹೇಳಿದ ನೆರೆಯವರು ಅಲ್ಲೇ ಇರುತ್ತಾರೆ.